ಮುಂದಿನ ಟೈರುಗಳ ಹೊರ ಅಂಚು

ಹಂಸಗಳು ಕೊಯ್ಲಾದ ಗದ್ದೆಗಳಿಗೆ ಬಂದಿಳಿದ ಮೇಲೆ ಹಿಮದ ಟೈರು ಹಾಕುವುದನ್ನು ಜಪಾನಿನ ಶೊನಾಯ್ ಬಯಲಿನಲ್ಲಿ ಯಾರೂ ಮುಂದೂಡುವುದಿಲ್ಲ. ಶಿಗೆನೊರಿಯೂ ಆ ಬೆಳಿಗ್ಗೆ ಸೂರಿನಡಿ ಜಾಕು ಕೊಟ್ಟು, ತನ್ನೊಡನೆಯೇ ಮುದಿಯಾದ ಬೂದುಬಣ್ಣದ ಕಾರಿನ ಬೇಸಿಗೆಯ ಟೈರುಗಳನ್ನು ಬಿಚ್ಚಿ, ಯಾವುದು ಎಲ್ಲಿಯದೆಂದು ಸೀಮೆಸುಣ್ಣದಲ್ಲಿ ಬರೆದು, ಗೋಡೆಗೊರಗಿಸಿ ತೊಳೆಯಲು ಕುಳಿತ. ಊರಿನ ವರ್ಕ್‌ಶಾಪಿನಲ್ಲಿ ಆಯುಷ್ಯದ ಬಹುಭಾಗ ಕಳೆದು ನಿವೃತ್ತನಾದ ಅವನಿಗೆ ಟೈರು ತೊಳೆಯುವುದೆಂದರೆ ಅದನ್ನು ಓದುವುದೇ ಆಗಿತ್ತು.

ಮುಂದಿನ ಎರಡೂ ಟೈರುಗಳ ಹೊರ ಅಂಚು ಸವೆದಿತ್ತು.

ಗಾಳಿ ಕಡಿಮೆಯಿದ್ದರೆ ಒಳ ಅಂಚೂ ಸವೆಯಬೇಕಿತ್ತು, ಅದು ಹೊಸದರಂತಿತ್ತು. ಅಲೈನ್‌ಮೆಂಟ್ ತಪ್ಪಿದ್ದರೆ ಅಂಗೈಯನ್ನು ಒಂದು ದಿಕ್ಕಿಗೆ ಎಳೆದಾಗ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಗುಲಬೇಕು. ಅವನು ಕಣ್ಣು ಮುಚ್ಚಿ ಎರಡೂ ಕಡೆಗೆ ಎಳೆದು ನೋಡಿದ. ಗರಗಸವಿರಲಿಲ್ಲ. ಶಾಕ್ ಅಬ್ಸಾರ್ಬರ್ ಸೋತಿದ್ದರೆ ಅಲ್ಲಲ್ಲಿ ತಗ್ಗು ಬೀಳುತ್ತದೆ, ತಗ್ಗುಗಳೂ ಇರಲಿಲ್ಲ. ಕಾರಿನ ತಪ್ಪಲ್ಲ ಎಂದಾದ ಮೇಲೆ ಉಳಿದದ್ದು ಓಡಿಸಿದವರ ತಪ್ಪು. ಯಾರೋ ಈ ಕಾರನ್ನು ಮತ್ತೆ ಮತ್ತೆ ಕಡುತಿರುವುಗಳಲ್ಲಿ ತಿರುಗಿಸಿದ್ದರು. ಶಿಗೆನೊರಿ ಓಡಾಡುವ ದಾರಿಗಳೋ ಗದ್ದೆಗಳ ನಡುವೆ ಗೆರೆ ಎಳೆದಂತಹವು. ತಿರುವುಗಳಿರುವುದು ಹಣ್ಣಿನ ತೋಟಗಳ ಗುಡ್ಡದ ದಾರಿಯಲ್ಲಿ ಮಾತ್ರ.

ಟೈರಿನ ಮೈಮೇಲಿನ ಉಬ್ಬುಗಳ ಸಂದಿನಿಂದ ಒಂದು ಕಲ್ಲನ್ನು ಮೊಳೆಯ ತುದಿಯಿಂದ ಎಬ್ಬಿಸಿದ. ಕೆಂಪು ಜಲ್ಲಿ. ಅಂಥ ಜಲ್ಲಿ ಹಾಸಿದ ಅಂಗಳ ಆ ಸೀಮೆಯಲ್ಲೇ ಒಂದು, ಕುರಮೊಚಿಯದು. ಬಸ್ಸು ಓಡಿಸಿ ನಿವೃತ್ತನಾಗಿ ಕಾಕಿ ಎಂಬ ಕಿತ್ತಳೆಬಣ್ಣದ ಹಣ್ಣಿನ ತೋಟ ಮಾಡಿಕೊಂಡವನು, ಹೆಂಡತಿ ತೀರಿಕೊಂಡವನು, ನೀಳಗಾಲಿನವನು, ಶಾಲೆಯಲ್ಲಿ ಶಿಗೆನೊರಿಯ ಹೆಂಡತಿ ಮಸಾಯೊಳ ಜೊತೆಯವನು, ಈಗಲೂ ಅವಳನ್ನು ಬರಿಯ ಹೆಸರಿನಿಂದ ಕರೆಯುವವನು.

ಆಗ ಶಿಗೆನೊರಿಗೆ ಡ್ರೈವರ್ ಸೀಟು ನೆನಪಾಯಿತು. ಬೇಸಿಗೆಯಿಂದೀಚೆಗೆ ಆ ಸೀಟು ಕೆಲವೊಮ್ಮೆ ತುಸು ಹಿಂದೆ ಸರಿದಿರುತ್ತಿತ್ತು. ವಯಸ್ಸಿಗೆ ತನ್ನ ಕಾಲುಗಳೇ ಕುಗ್ಗುತ್ತಿವೆಯೆಂದು ತಿಳಿದು, ಅದನ್ನು ಮುಂದಕ್ಕೆಳೆದುಕೊಂಡು ಸುಮ್ಮನಾಗಿದ್ದ. ಮಸಾಯೊಳ ಬಳಿ ಲೈಸೆನ್ಸಿದ್ದರೂ ಅವಳು ಸ್ಟೀರಿಂಗ್ ಮುಟ್ಟಿದವಳಲ್ಲ. ತಪ್ಪಿಲ್ಲದ ಚಾಲಕರಿಗೆ ಕೊಡುವ ಚಿನ್ನದ ಪಟ್ಟಿಯ ಲೈಸೆನ್ಸು ಅವಳದು. ಓಡಿಸದವರಿಗೆ ಎಲ್ಲಿಯ ತಪ್ಪು ಎಂದು ಅವನೇ ನೆಂಟರೆದುರು ನಗೆಯಾಡುತ್ತಿದ್ದ. ಹಾಗಾದರೆ ತಾನು ಕಣ್ಣಿನ ಆಸ್ಪತ್ರೆಯ ವ್ಯಾನು ಹತ್ತಿ ಹೋದ ದಿನಗಳಲ್ಲಿ ಆ ನೀಳಗಾಲಿನವನು ಬಂದು, ತನ್ನ ಕಾರಿನಲ್ಲೇ ತನ್ನ ಹೆಂಡತಿಯನ್ನು ಕೂರಿಸಿಕೊಂಡು ಗುಡ್ಡ ಹತ್ತುತ್ತಿದ್ದಾನೆ.

ಮಸಾಯೊ ಚಹಾದೊಡನೆ ಹೆಚ್ಚಿದ ಕಾಕಿ ಹಣ್ಣು ತಂದಿಟ್ಟಳು.

"ಯಾರ ತೋಟದ್ದು?"

"ಇನ್ಯಾರದ್ದು, ಕುರಮೊಚಿದು. ಪ್ರತಿ ವರ್ಷ ಕೇಳ್ತೀರಿ."

"ಈ ವರ್ಷ ಸ್ವಲ್ಪ ಜಾಸ್ತಿನೇ ಬರ್ತಾ ಇದೆ."

"ಮರ ಜಾಸ್ತಿ ಬಿಟ್ಟಿದೆ. ಮರಕ್ಕೇನು ಗೊತ್ತು ನಿಮ್ಮ ಹೊಟ್ಟೆಯುರಿ."

ನಗುತ್ತ ಒಳಗೆ ಹೋದಳು. ಅಡುಗೆಮನೆಯಲ್ಲಿ ಅವಳು ಒಲೆಯತ್ತ ಬೆರಳು ತೋರಿಸಿ "ಒಲೆ ಆರಿದೆ, ಸರಿ" ಎಂದು ತನಗೆ ತಾನೇ ಹೇಳಿಕೊಳ್ಳುವುದು ಕೇಳಿಸಿತು. ಅದೂ ಬೇಸಿಗೆಯಿಂದೀಚೆಗಿನ ಅಭ್ಯಾಸವೇ. ಆ ಹಣ್ಣನ್ನು ಅವನು ಮುಟ್ಟಲಿಲ್ಲ.

ಹಿಮದ ಟೈರುಗಳನ್ನು ಬಿಗಿದಾದ ಮೇಲೆ, "ಹೊರಡು. ಹಣ್ಣು ಕೊಟ್ಟೋರಿಗೆ ಒಂದು ಮಾತು ಹೇಳಿ ಬರೋಣ" ಎಂದ.

"ಈಗ್ಲಾ? ಫೋನ್ ಮಾಡಿದ್ರೆ ಸಾಲದಾ?"

"ಟೈರು ಹಾಕಿದ ಮೇಲೆ ಸ್ವಲ್ಪ ಓಡಿಸಿ ನಟ್ಟು ಇನ್ನೊಂದ್ಸಲ ಬಿಗೀಬೇಕು. ಗುಡ್ಡದ ದಾರಿನೇ ಆಗ್ಲಿ."

ಅವಳು ಅವನ ಮುಖವನ್ನೊಮ್ಮೆ ನೋಡಿ ಕೋಟು ತೊಟ್ಟುಕೊಂಡಳು.

ದಾರಿಯುದ್ದಕ್ಕೂ ಅವನು ರಸ್ತೆಯನ್ನು ನೋಡಿದ್ದಕ್ಕಿಂತ ಅವಳನ್ನು ನೋಡಿದ್ದೇ ಹೆಚ್ಚು. ತಿರುವು ಕಣ್ಣಿಗೆ ಬೀಳುವ ಮೊದಲೇ ಅವಳ ಮೈ ಅತ್ತ ವಾಲುತ್ತಿತ್ತು. ಬ್ರೇಕು ಒತ್ತಬೇಕಾದಲ್ಲಿ ಅವಳ ಬಲಗಾಲು ಬರಿಯ ನೆಲವನ್ನು ಒತ್ತುತ್ತಿತ್ತು. ಈ ದಾರಿ ಅವಳ ಮೈಯೊಳಗೆ ಹೋಗಿ ಕುಳಿತಿತ್ತು, ಒಂದು ಹಾಡು ಹೋಗಿ ಕೂರುವಂತೆ. ಆ ಹಾಡನ್ನು ಅವನು ಕಲಿಸಿರಲಿಲ್ಲ.

"ರೀ, ಎಡಕ್ಕೆ ಜಾಸ್ತಿ ಹೋಗ್ತಿದೀರಿ. ಚರಂಡಿ ಇದೆ."

"ಕಾಣ್ಸುತ್ತೆ" ಎಂದ. ಕಂಡಿರಲಿಲ್ಲ.

ಕುರಮೊಚಿಯ ಅಂಗಳದಲ್ಲಿ ಹಣ್ಣಿನ ಕ್ರೇಟುಗಳು ಎರಡು ಸಾಲಾಗಿ ನಿಂತಿದ್ದವು; ನಡುವೆ ಸರಿಯಾಗಿ ಒಂದು ಕಾರು ನಿಲ್ಲುವಷ್ಟು ಎಡೆ. ಆ ಎಡೆಯ ಮುಂದೆ ಕೆಂಪು ಜಲ್ಲಿ ಸರಿದು, ಕೆಳಗಿನ ಕಪ್ಪುಮಣ್ಣು ಬಿದಿಗೆಯ ಚಂದ್ರನಂತೆ ಜೋಡಿಜೋಡಿಯಾಗಿ ತೋರುತ್ತಿತ್ತು. ಶಿಗೆನೊರಿ ಕಾರಿನಿಂದಿಳಿದು ಅಲ್ಲೇ ಕುಕ್ಕರಿಸಿ, ಒಂದು ಅರ್ಧಚಂದ್ರದ ಮೇಲೆ ಬೆರಳಾಡಿಸಿದ. ಇವು ತಿರುವಿನಲ್ಲಿ ಓಡಿದ ಚಕ್ರಗಳ ಗುರುತುಗಳಲ್ಲ. ನಿಂತ ಜಾಗದಲ್ಲೇ ಹೊರಳಿದ ಚಕ್ರಗಳವು. ನಿಂತ ಕಾರಿನ ಸ್ಟೀರಿಂಗನ್ನು ಬಲವಂತವಾಗಿ ತಿರುಗಿಸಿದಾಗಲೂ ಸವೆಯುವುದು ಹೊರ ಅಂಚೇ. ಇಲ್ಲಿ ಯಾರೋ ಹಿಂದಕ್ಕೆ ಬರುವುದನ್ನು, ನಿಲ್ಲಿಸುವುದನ್ನು, ತಪ್ಪುವುದನ್ನು, ಮತ್ತೆ ಮೊದಲಿನಿಂದ ಬರುವುದನ್ನು ಕಲಿತಿದ್ದರು.

ಕುರಮೊಚಿ ಕೊಟ್ಟಿಗೆಯಿಂದ ಹೊರಗೆ ಬಂದವನು ಕುಕ್ಕರಿಸಿದ್ದವನನ್ನು ನೋಡಿ, "ಸಿಕ್ಕಿಬಿದ್ವಿ, ಮಸಾಯೊ" ಎಂದ. "ಹೇಳಿಬಿಡು ಹೇಳಿಬಿಡು ಅಂತ ಬಡ್ಕೊಂಡೆ. ಕೇಳಿದ್ಯಾ ನೀನು?"

ಮಸಾಯೊ ಗಂಡನ ಪಕ್ಕಕ್ಕೆ ಬಂದು ನಿಂತಳು. "ಬರೋ ವಸಂತಕ್ಕೆ ನಿಮ್ಮ ಲೈಸೆನ್ಸು ರಿನ್ಯೂ ಆಗ್ಬೇಕು. ನಿಮ್ಮ ಎಡಗಣ್ಣಿನ ಬಗ್ಗೆ ಡಾಕ್ಟ್ರು ನಿಮಗೆ ಹೇಳಿದ್ದನ್ನ ನನಗೂ ಹೇಳಿದಾರೆ. ನೀವು ಅದನ್ನ ನನ್ನಿಂದ ಮುಚ್ಚಿಟ್ರಿ, ನಾನು ಇದನ್ನ ನಿಮ್ಮಿಂದ ಮುಚ್ಚಿಟ್ಟೆ."

"ನನ್ನನ್ನೇ ಕೇಳಬಹುದಾಗಿತ್ತು."

"ಮದುವೆಯಾದ ಹೊಸದರಲ್ಲಿ ಓಡಿಸೋದು ಕಲಿಸಿ ಅಂತ ಕೇಳಿದ್ದೆ, ನದೀ ದಂಡೆ ಮೇಲೆ. ನೀವು ಕ್ಲಚ್ಚಿನ ಪರ ವಹಿಸಿಕೊಂಡು ನನ್ನ ಮೇಲೆ ರೇಗಿದ್ರಿ."

ಕುರಮೊಚಿ ದೊಡ್ಡದಾಗಿ ನಕ್ಕ. "ನನ್ನ ಕ್ರೇಟು ಎಷ್ಟು ಮುರಿದಳು ಗೊತ್ತಾ ಇವಳು? ಒಂದಿನ ಅಳ್ತಾನೇ ರಿವರ್ಸ್ ತಗೊಂಡಳು. ಆ ದಿನವೇ ಮೊದಲು ಸರಿಯಾಗಿ ನಿಂತಿದ್ದು."

ಆ ನಗು ಶಿಗೆನೊರಿಯ ಎದೆಯಲ್ಲಿ ಕಲ್ಲಿನಂತೆ ಸಿಕ್ಕಿಕೊಂಡಿತು. ಪ್ರೇಮವೇ ಆಗಿದ್ದರೆ ಸಿಟ್ಟಾಗಬಹುದಿತ್ತು. ಸಿಟ್ಟಿಗೆ ಜಗತ್ತು ದಾರಿ ಮಾಡಿಕೊಟ್ಟಿದೆ. ಇದಕ್ಕೆ ಯಾವ ದಾರಿ? ಅವಳು ಹೆದರಿದ್ದು, ಎಡವಿದ್ದು, ಅತ್ತು ಗೆದ್ದದ್ದು, ಈ ಇಳಿವಯಸ್ಸಿನಲ್ಲಿ ಮತ್ತೊಮ್ಮೆ ಏನೂ ಅರಿಯದವಳಾದದ್ದು, ಎಲ್ಲವೂ ಇನ್ನೊಬ್ಬನ ಕಣ್ಣೆದುರಿಗೆ. ತನಗೆ ಉಳಿದದ್ದು ಸವೆದ ರಬ್ಬರು.

"ನಿಂತ ಗಾಡಿಯ ಸ್ಟೀರಿಂಗ್ ತಿರುಗಿಸೋದನ್ನ ಕಲಿಸಿದ್ದು ನೀವೇನಾ, ಕುರಮೊಚಿಯವರೇ?"

"ಹೌದು. ಬಸ್ಸಲ್ಲಿ ನಾವೆಲ್ಲ ಹಾಗೇ."

"ಬಸ್ಸಿನ ಟೈರು ಕಂಪನಿ ಕೊಳ್ಳುತ್ತೆ."

ಕುರಮೊಚಿ ತಲೆ ಕೆರೆದುಕೊಂಡ. ಶಿಗೆನೊರಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ಪಾನಾ ಒರೆಸಿಟ್ಟು, ಬೀಗದಕೈಯನ್ನು ಮಸಾಯೊಳ ಅಂಗೈಯಲ್ಲಿಟ್ಟ. "ಗಾಡಿ ಕದಲಿದ ಮೇಲೆ ಸ್ಟೀರಿಂಗ್ ತಿರುಗಿಸು. ಕೂದಲೆಳೆಯಷ್ಟು ಕದಲಿದ್ರೂ ಸಾಕು."

ತನ್ನದೇ ಕಾರಿನ ಎಡಗಡೆ ಸೀಟಿನಲ್ಲಿ ಅವನು ಎಂದೂ ಕುಳಿತಿರಲಿಲ್ಲ. ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಸಾಯೊ ಸೀಟನ್ನು ಮುಂದಕ್ಕೆಳೆದುಕೊಂಡಳು; ಮನೆ ಸೇರಿದ ಮೇಲೆ ಅದನ್ನು ಅವನ ಅಳತೆಗೆಂದು ಹಿಂದೆ ತಳ್ಳುವಾಗ ಕೆಲವೊಮ್ಮೆ ತುಸು ಹೆಚ್ಚೇ ತಳ್ಳುತ್ತಿದ್ದಳೆಂದು ಅವನಿಗೆ ಹೊಳೆಯಿತು. ಅವಳು ನಿಧಾನವಾಗಿ ಗುಡ್ಡವಿಳಿದಳು. ತೋಟದ ದಾರಿಯೊಂದು ಬಂದು ಸೇರುವಲ್ಲಿ ನಿಂತು, ತೋರುಬೆರಳೆತ್ತಿ, "ಬಲಗಡೆ ಸರಿ. ಎಡಗಡೆ ಸರಿ" ಎಂದಳು, ಆ ಸೀಮೆಯ ಬಸ್ಸಿನ ಡ್ರೈವರುಗಳು ಬೆರಳು ತೋರಿಸಿ ಗಟ್ಟಿಯಾಗಿ ಹೇಳಿ ಖಚಿತಪಡಿಸಿಕೊಳ್ಳುವ ರಾಗದಲ್ಲಿ. ಅಡುಗೆಮನೆಯ ಆ ಮಾತು ಎಲ್ಲಿಂದ ಬಂದದ್ದೆಂದು ಅವನಿಗೆ ಆಗ ತಿಳಿಯಿತು. ಇಷ್ಟು ದಿನ ಕುರಮೊಚಿಯ ದನಿ ತನ್ನ ಮನೆಯ ಒಲೆಯನ್ನು ಆರಿಸುತ್ತಿತ್ತು.

ಗುಡ್ಡ ಮುಗಿದು ಬಯಲಿನ ರಸ್ತೆ ಅಡ್ಡ ಬಂದಲ್ಲಿ ಅವಳು ಮತ್ತೆ ನಿಂತಳು. "ಬಲಗಡೆ ಸರಿ" ಎಂದಳು. ತಾನು ಕುಳಿತ ಎಡಗಡೆ ತನ್ನದು, ಅದನ್ನಾದರೂ ಕುರಮೊಚಿಗೆ ಬಿಡಬಾರದು. ಶಿಗೆನೊರಿ ಅವಳಿಗಿಂತ ಮೊದಲೇ ಬೆರಳೆತ್ತಿ, "ಎಡಗಡೆ ಸರಿ" ಎಂದ.

ಕಾರು ಕದಲಲಿಲ್ಲ. ಮಸಾಯೊ ಮುಂದಕ್ಕೆ ಬಾಗಿ ಅವನಾಚೆಗೆ ನೋಡುತ್ತಿದ್ದಳು. ಮೂಲಂಗಿ ಹೇರಿದ ಬಿಳಿಯ ಸಣ್ಣ ಟ್ರಕ್ಕೊಂದು ಎಡಗಡೆಯಿಂದ ಬಂದು ಅವರ ಮುಂದೆಯೇ ಹಾದುಹೋಯಿತು.

ಅವನ ಬೆರಳು ತೊಡೆಯ ಮೇಲಿಳಿಯಿತು. ಗದ್ದೆಯಲ್ಲಿ ಹಂಸಗಳು ಕತ್ತು ಬಗ್ಗಿಸಿ ಉದುರುಗಾಳು ಆರಿಸುತ್ತಿದ್ದವು.

"ಈಗ ಹೇಳಿ" ಎಂದಳು ಅವಳು.

"ನೀನೇ ಹೇಳು."

ಅವಳ ಕೈ ಅವನ ಎದೆಯ ಮುಂದೆ ಚಾಚಿತು. "ಎಡಗಡೆ ಸರಿ."

ಕಾರು ಕೂದಲೆಳೆಯಷ್ಟು ಕದಲಿತು. ಅದಾದ ಮೇಲೆಯೇ ಅವಳು ಸ್ಟೀರಿಂಗ್ ತಿರುಗಿಸಿದಳು. ಅವಳು ಕಲಿತದ್ದರಲ್ಲಿ ಅಷ್ಟು ಮಾತ್ರ ಅವನದಾಗಿತ್ತು.