ಎಳೇ ಚರ್ಮ

"ಹಾಲು ಕುಡಿಯೋ ಬಾಯಲ್ಲಿ ಗ್ಲೌಸ್ ಕೇಳ್ತೀಯೇನೋ, ಬೋಳಿಮಗನೆ? ಮೊದ್ಲು ಟ್ರೇ ಎಳಿ!"

ಮೇಸ್ತ್ರಿ ಹೀಗೆ ಕೂಗಿದಾಗ ನಾನು ಎರಡೂ ಕೈಯಲ್ಲಿ ಗೋಣಿತಟ್ಟಿನ ತುಂಡು ಹಿಡಿದು ಬೇಕರಿಯ ಭಟ್ಟಿಯ ಮುಂದೆ ನಿಂತಿದ್ದೆ. ನನಗೆ ಹತ್ತೊಂಬತ್ತು, ಹಾಲು ಬಿಟ್ಟು ಬಹಳ ಕಾಲವಾಯಿತು ಎಂದು ಹೇಳಬೇಕೆನಿಸಿತು. ಆದರೆ ಟ್ರೇ ಎಳೆದೆ. ನನ್ನ ಕ್ರಾಂತಿಗಳೆಲ್ಲ ಹೊಟ್ಟೆಯೊಳಗೇ ಹುಟ್ಟಿ ಅಲ್ಲೇ ಜೀರ್ಣವಾಗುತ್ತವೆ.

ನಮ್ಮ ಬೇಕರಿಯಲ್ಲಿ ಗ್ಲೌಸು ದೊಡ್ಡವರಿಗೆ ಮಾತ್ರ. ಇಪ್ಪತ್ತೈದು ತುಂಬದವರಿಗೆ ಗೋಣಿತಟ್ಟು. ದೊಡ್ಡವರು ಹಿಟ್ಟು ತೂಗುತ್ತಾರೆ, ಬ್ರೆಡ್ಡಿನ ಬಣ್ಣ ನೋಡುತ್ತಾರೆ, ನಮ್ಮನ್ನು ಬೈಯುತ್ತಾರೆ. ಭಟ್ಟಿಯ ಬಾಯಿಂದ ಟ್ರೇ ಎಳೆಯುವವರು ನಾವು ನಾಲ್ಕು ಜನ ಚಿಕ್ಕವರು. ಮೇಸ್ತ್ರಿಯ ಗ್ಲೌಸು ಅವನ ಸೊಂಟದಲ್ಲಿ ನೇತಾಡಿಕೊಂಡು ಹೊಸದಾಗಿಯೇ ಉಳಿದಿತ್ತು. ಕೇಳಿದರೆ, "ಎಳೇ ಚರ್ಮ, ಬೇಗ ಮಾಯುತ್ತೆ" ಎನ್ನುವುದು ನಮ್ಮ ಮಾಲೀಕರ ವೈದ್ಯಶಾಸ್ತ್ರ. ಮೂಟೆ ಹೊರುವಾಗ ಮಾತ್ರ ನಮ್ಮದು ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವ ವಯಸ್ಸು.

ನನ್ನ ಜೊತೆ ಟ್ರೇ ಎಳೆಯುವವಳು ಗುಬ್ಬಿ. ಆ ಹೆಸರು ಅವಳ ಮೈಕಟ್ಟಿಗೆ ಇಟ್ಟದ್ದು, ಬಾಯಿಗಲ್ಲ. ಹಿಂದಿನ ದಿನ ಯಾರೋ ಅವಳ ಗೋಣಿತಟ್ಟಿನಲ್ಲಿ ನೆಲ ಒರೆಸಿ ಹಾಗೇ ಇಟ್ಟಿದ್ದರು. ಒಣ ತಟ್ಟು ಒಂದಿಷ್ಟು ಬಿಸಿ ತಡೆಯುತ್ತದೆ. ಒದ್ದೆಯದು ಕಾದ ಕಬ್ಬಿಣ ತಾಗಿದ ಕೂಡಲೇ ಆವಿ ಎಬ್ಬಿಸಿ ಅಂಗೈಯನ್ನೇ ಬೇಯಿಸುತ್ತದೆ. ಅವಳು ಅವಸರದಲ್ಲಿ ನೋಡದೆ ಹಿಡಿದಳು. ಬಲಗೈಯ ಚರ್ಮ ತಟ್ಟಿನ ಜೊತೆಗೇ ಕಿತ್ತು ಬಂತು. ಮೇಸ್ತ್ರಿ ಓಡಿಬಂದು ಮೊದಲು ನೋಡಿದ್ದು ಬ್ರೆಡ್ಡು ಬಿತ್ತೇ ಎಂದು.

ಈಗ ಅವಳು ಬಲಗೈಗೆ ಹಳೆ ಬಟ್ಟೆ ಸುತ್ತಿಕೊಂಡು ಎಡಗೈಯಲ್ಲಿ ಎಳೆಯುತ್ತಿದ್ದಳು.

"ಈ ಕೈಯೂ ಹೋದ್ರೆ ನನ್ನ ಯಾರು ಕೆಲಸಕ್ಕೆ ಇಟ್ಕೋತಾರೋ?" ಎಂದಳು.

"ನಾಳೆ ಮಾಲೀಕರ ಹತ್ರಾನೇ ಮಾತಾಡ್ತೀನಿ," ಎಂದುಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ.

"ನಿನ್ನ ಮಾತು ಯಾರು ಕೇಳ್ತಾರೋ? ನೆಟ್ಟಗೆ ಮೀಸೆ ಕೂಡ ಬಂದಿಲ್ಲ."

ಅವಳು ತಮಾಷೆಗೆ ಅಂದಿದ್ದು. ನಾನು ಮಾರನೆಯ ಬೆಳಿಗ್ಗೆ ಅಕ್ಕನ ಕಾಡಿಗೆ ಡಬ್ಬಿ ಕದ್ದು ಕನ್ನಡಿ ಮುಂದೆ ನಿಂತೆ. ನಮ್ಮದು ಒಂದೇ ಕೋಣೆ, ಕದ್ದದ್ದು ಯಾವುದೂ ದಕ್ಕುವುದಿಲ್ಲ.

"ಏನೋ ಇದು, ನಾಟಕಾನಾ?" ಅಕ್ಕ ಚಾಪೆಯಿಂದಲೇ ಕೇಳಿದಳು.

"ಗ್ಲೌಸ್ ಕೇಳೋಕೆ ಹೋಗ್ತಿದೀನಿ."

ಅವಳು ನಗಲಿಲ್ಲ. ಎದ್ದು ಬಂದು, "ಎಡಗಡೆ ದಪ್ಪ ಆಗಿದೆ, ತಾ ಇಲ್ಲಿ" ಎಂದು ತಾನೇ ತಿದ್ದಿದಳು. ಕನ್ನಡಿಯಲ್ಲಿ ಇಪ್ಪತ್ತೈದರ ಗಂಡಸೊಬ್ಬ ಕಂಡ. ದಾರಿಯುದ್ದಕ್ಕೂ ದಪ್ಪ ದನಿಯಲ್ಲಿ "ನೋಡಿ ಯಜಮಾನ್ರೇ" ಎಂದು ಹೇಳಿ ಹೇಳಿ ರೂಢಿಮಾಡಿಕೊಂಡೆ. ಭಟ್ಟಿಯ ಮುಂದೆ ಬೆವರುವುದೇ ಕಸುಬಾದವನು ಬೆವರನ್ನೊಂದು ಬಿಟ್ಟು ಮಿಕ್ಕೆಲ್ಲದರ ಬಗ್ಗೆ ಯೋಚನೆ ಮಾಡಿದ್ದೆ.

ಮಾಲೀಕರು ಬಂದಾಗ ಭಟ್ಟಿ ತುಂಬ ಬ್ರೆಡ್ಡಿತ್ತು. ನಾನು ಎದುರು ಹೋಗಿ ನಿಂತೆ.

"ನೋಡಿ ಯಜಮಾನ್ರೇ, ಟ್ರೇ ಎಳೆಯೋರಿಗೆಲ್ಲ ಗ್ಲೌಸ್ ಬೇಕು. ನಮಗಿರೋದೂ ಕೈಯೇ."

ದನಿ ಚೆನ್ನಾಗಿಯೇ ಬಂತು. ಅವರು ಮಾತ್ರ ನನ್ನ ಬಾಯಿಯ ಮೇಲೇ ಕಣ್ಣಿಟ್ಟಿದ್ದರು. ತುಟಿಗೆ ಏನೋ ಉಪ್ಪುಪ್ಪಾಗಿ ಇಳಿಯಿತು. ಅವರು ಹೆಬ್ಬೆರಳಿನಿಂದ ನನ್ನ ಮೂಗಿನ ಕೆಳಗೆ ಒರೆಸಿ, ಕಪ್ಪಾದ ಬೆರಳನ್ನು ಎಲ್ಲರಿಗೂ ಎತ್ತಿ ತೋರಿಸಿದರು.

"ನೋಡ್ರೋ! ಮಸಿ ಬಳ್ಕೊಂಡು ನ್ಯಾಯ ಕೇಳೋಕೆ ಬಂದಿದಾನೆ!"

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಹಿಟ್ಟು ಜರಡಿ ಹಿಡಿಯುವ, ನಾವೆಲ್ಲ ಮಾವ ಎನ್ನುವ ಆಳು, ದಿನಾ ನನ್ನ ಹತ್ತಿರ ಬೀಡಿ ಕೇಳುವವನು, ಅವನೂ ನಕ್ಕ. ಬೇರೆಯವನ ಮುಖವಾಗಿದ್ದರೆ ನಾನೂ ನಗುತ್ತಿದ್ದೆ.

"ನಿಜವಾದ ಮೀಸೆ ಬಂದ್ಮೇಲೆ ಬಾ ಮಗಾ, ಮಾತಾಡೋಣ." ಅವರು ಬೆರಳನ್ನು ನನ್ನ ಕೆನ್ನೆಗೇ ಒರೆಸಿದರು. ಅವಮಾನಕ್ಕೆ ಕಣ್ಣಲ್ಲಿ ನೀರು ಬಂತು.

"ಮೀಸೆ ಸುಳ್ಳು ಯಜಮಾನ್ರೇ," ಎಂದೆ. ದಪ್ಪ ದನಿ ಎಲ್ಲೋ ಓಡಿಹೋಗಿತ್ತು, ನನ್ನದೇ ಕೀಚಲು ದನಿ ಉಳಿದಿತ್ತು. "ಇವಳ ಕೈ ನಿಜ."

ಗುಬ್ಬಿ ಬಟ್ಟೆ ಬಿಚ್ಚಿ ಅಂಗೈ ಚಾಚಿದಳು. ಮಾವನ ನಗು ನಿಂತಿತು. ಮಾಲೀಕರು ಒಮ್ಮೆ ನೋಡಿ ಮುಖ ತಿರುಗಿಸಿದರು.

"ಎಳೇ ಚರ್ಮ. ವಾರದಲ್ಲಿ ಹೊಸದು ಬರುತ್ತೆ. ಟ್ರೇ ಎಳೀರಿ, ಬ್ರೆಡ್ಡು ಸೀಯ್ತಿದೆ."

ಹೌದು, ಸೀದ ವಾಸನೆ ಬರುತ್ತಿತ್ತು. ನನ್ನ ಕೈ ತಾನಾಗಿಯೇ ಗೋಣಿತಟ್ಟಿಗೆ ಹೋಯಿತು. ಗುಲಾಮಗಿರಿಯಲ್ಲಿ ನನ್ನ ಕೈ ನನಗಿಂತ ಚುರುಕು. ಗುಬ್ಬಿ ಎಡಗೈಯಲ್ಲಿ ಅದನ್ನು ಕಿತ್ತು ಕಸದ ಬುಟ್ಟಿಗೆ ಎಸೆದಳು.

"ಬಿಡೋ. ಚಿಕ್ಕ ಮಕ್ಕಳು ಬೆಂಕಿ ಹತ್ರ ಹೋಗಬಾರ್ದು," ಎಂದು ನೆಲದ ಮೇಲೆ ಕೂತಳು.

ಉಳಿದಿಬ್ಬರೂ ತಮ್ಮ ತಟ್ಟು ಎಸೆದು ಅವಳ ಪಕ್ಕ ಕೂತರು. ನಾನೂ ಕೆನ್ನೆಯ ಮಸಿ ಒರೆಸಿಕೊಳ್ಳುತ್ತ ಕೂತೆ.

"ಏಳ್ರೋ ಹಲ್ಕಾಗಳಾ! ಎಲ್ಲರನ್ನೂ ಈಗ್ಲೇ ಹೊರಗೆ ಹಾಕ್ತೀನಿ! ಮೇಸ್ತ್ರಿ, ನೀನು ಎಳಿಯೋ!"

ಮೇಸ್ತ್ರಿ ಗ್ಲೌಸು ಹಾಕಿಕೊಂಡು ಭಟ್ಟಿಯ ಬಾಗಿಲು ತೆರೆದ. ಝಳ ಮುಖಕ್ಕೆ ಹೊಡೆದದ್ದೇ ತಡ, "ಅಯ್ಯಪ್ಪಾ" ಎಂದು ಹಿಂದೆ ಹಾರಿದ. ಹೊಗೆ ಹೊರಗೆ ನುಗ್ಗಿತು.

"ಆ ಗ್ಲೌಸ್ ಅವರಿಗೇ ಬಿಸಾಕೋ, ಹಾಳಾಗಿ ಹೋಗ್ಲಿ!" ಮಾಲೀಕರು ಕೆಮ್ಮುತ್ತ ಕಿರುಚಿದರು.

ಗ್ಲೌಸು ಬಂದು ಗುಬ್ಬಿಯ ಮುಂದೆ ಬಿತ್ತು. ಮನೆ, ಅಕ್ಕ, ನಾಳೆಯ ಊಟ ಎಲ್ಲ ನೆನಪಾಗಿ, ತೊಗೊಳೇ ಮಾರಾಯ್ತಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವಳು ಅದನ್ನು ಮುಟ್ಟಲಿಲ್ಲ.

"ಇನ್ನೂ ಮೂರು ಜೊತೆ," ಎಂದಳು.

ಭಟ್ಟಿಯೊಳಗೆ ಬ್ರೆಡ್ಡು ಹೊತ್ತಿಕೊಂಡಿತು. ನಾವು ಯಾರೂ ಏಳಲಿಲ್ಲ.