ಬೆನ್ನಿಗೆ ಕೂತ ಪ್ಲಗ್ಗು

ಡೆಸ್ಮಂಡ್ ಹೆಪ್‌ವರ್ತ್ ತನ್ನ ಮನೆಗಾಡಿಯ ಹೊರಮೈಗೆ ಕೂರಿಸಿದ ಪ್ಲಗ್ಗಿಗೆ ಕೆಟಲಿನ ವೈರು ಚುಚ್ಚಿದ ಆ ಶನಿವಾರ, ಇಂಗ್ಲೆಂಡಿನ ಫೈಲಿ ಊರಿನ ಕಡಲು ದಡದಿಂದ ದಿಗಂತದವರೆಗೆ ಒಂದೇ ಸಲ ಕೊತಕೊತ ಕುದಿಯಿತು. ಮೀನುಗಳು ಹದವಾಗಿ ಬೆಂದು ತಾವಾಗಿಯೇ ದಡಕ್ಕೆ ಬಂದು ಮಲಗಿದವು. ಅಂದು ಊರಿನವರು ಅಂಗಡಿಯಲ್ಲಿ ಬರೀ ಆಲೂಗಡ್ಡೆ ಚಿಪ್ಸ್ ಕೊಂಡು, ಮೀನನ್ನು ಮರಳಿನ ಮೇಲಿಂದಲೇ ಆರಿಸಿಕೊಂಡು ತಿಂದರು. ವಿನೆಗರ್ ಸಾಲದೆಂದು ಒಬ್ಬ ಪಾದ್ರಿ ದೂರಿದ್ದೂ ಉಂಟು.

ಇದನ್ನು ಹೇಳಿದ್ದು ಸ್ವತಃ ಡೆಸ್ಮಂಡ್. ಲೀಡ್ಸ್ ನಗರದ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿಯೇ ತಲೆ ಬೆಳ್ಳಗಾದ ಮನುಷ್ಯ. ಪರರ ಸುಳ್ಳು ಹಿಡಿದೇ ನಿವೃತ್ತವಾದ ಬಾಯಿ ಎಲ್ಲಾದರೂ ತಾನೇ ಸುಳ್ಳಾಡುತ್ತದೆಯೇ?

ಈ ಪ್ಲಗ್ಗಿನ ಹಿಂದೆ ಒಂದು ಮುರಿದ ಮಣಿಕಟ್ಟಿದೆ. ಹೆಂಡತಿ ಗ್ಲೆನಿಸಳದ್ದು. ಡೆಸ್ಮಂಡನ ಮನೆಗಾಡಿಯಲ್ಲಿ ಮಂಚ, ಒಲೆ, ಕಕ್ಕಸು ಎಲ್ಲವೂ ಉಂಟು. ಪಕ್ಕದ ಹಿಡಿ ತಿರುಗಿಸಿದರೆ ಬಟ್ಟೆಯ ಚಪ್ಪರವೊಂದು ಮದುವೆಮನೆಯಂತೆ ಹೊರಚಾಚುತ್ತದೆ. ಮನೆ ಸಾಕಾಗಿ ಬಯಲಿಗೆ ಬರುವ ಈ ಜನ, ಬರುವಾಗ ಮನೆಯನ್ನೂ ಹೊತ್ತು ತರುತ್ತಾರೆ. ಹಕ್ಕಿಯ ದನಿ ಕೇಳಲೆಂದು ಬಂದವರ ಚಪ್ಪರದೊಳಗೆ ಕೆಟಲು, ಟೋಸ್ಟರು, ಹೀಟರು, ಟಿವಿ, ಮಿಣುಕು ದೀಪದ ಮಾಲೆ. ಇಷ್ಟರ ನಡುವೆ ಹಕ್ಕಿ ಬಾಯಿ ಬಿಟ್ಟರೂ ಯಾರಿಗೆ ಕೇಳಬೇಕು? ಚಪ್ಪರದೊಳಗೆ ಪ್ಲಗ್ ಇಲ್ಲದ್ದರಿಂದ ಡೆಸ್ಮಂಡ್ ಒಳಗಿನಿಂದ ಬಾಗಿಲ ಮೂಲಕ ವೈರು ಎಳೆದಿದ್ದ. ಕಳೆದ ಬೇಸಗೆಯಲ್ಲಿ ಗ್ಲೆನಿಸ್ ಕಸ್ಟರ್ಡಿನ ಬಟ್ಟಲು ಹಿಡಿದು ಇಳಿಯುವಾಗ ಆ ವೈರು ಕಾಲಿಗೆ ಸಿಕ್ಕಿತು. ಕಸ್ಟರ್ಡು ಒಂದು ಕಡೆ, ಗ್ಲೆನಿಸ್ ಒಂದು ಕಡೆ.

ಪ್ಲಾಸ್ಟರ್ ಹಾಕಿದ ಕೈಯನ್ನು ನ್ಯಾಯಾಧೀಶರ ಸುತ್ತಿಗೆಯಂತೆ ಎತ್ತಿ ಅವಳು ತೀರ್ಪು ಕೊಟ್ಟಳು.

"ಕೇಳಿಸ್ಕೋ ಡೆಸ್. ಇನ್ನೊಂದ್ಸಲ ಆ ಬಾಗಿಲಲ್ಲಿ ವೈರು ಕಂಡ್ರೆ ಗಾಡಿ ಮಾರಾಟಕ್ಕೆ. ಆಮೇಲೆ ಪ್ರತಿ ರಜಕ್ಕೂ ಸ್ಕಾರ್ಬರೋದಲ್ಲಿ ನಮ್ಮಕ್ಕನ ಮನೆ."

"ಈನಿಡ್ ಮನೇನಾ? ಆ ಬೆಕ್ಕುಗಳ ಜೊತೆಗಾ?"

"ಬೆಕ್ಕಿಗೆ ವೈರು ಹಾಸೋ ಬುದ್ಧಿ ಇಲ್ಲ."

ಗಾಡಿ ಹೋದರೆ ಡೆಸ್ಮಂಡನ ಪ್ರಾಣವೇ ಹೋದಂತೆ. ಅದು ಜರ್ಮನಿಯಲ್ಲಿ ತಯಾರಾದ ಗಾಡಿ. ಅದರ ಚಕ್ರಕ್ಕೆ ಅವನು ಹಚ್ಚುವ ಮೇಣವನ್ನು ತನ್ನ ಬೂಟಿಗೂ ಹಚ್ಚಿದವನಲ್ಲ. ಆದ್ದರಿಂದ, ಗೆಳೆಯರ ಬಳಗದ ವಾರ್ಷಿಕ ಬಿಡಾರಕ್ಕೆ ಹೊರಡುವ ಹಿಂದಿನ ದಿನ, ಗ್ಲೆನಿಸ್ ಅಕ್ಕನನ್ನು ನೋಡಲು ಹೋಗಿದ್ದಾಗ, ಗಾಡಿಯ ಹೊರಮೈಯಲ್ಲೇ ಪ್ಲಗ್ ಕೂರಿಸುವ ಮಹಾಕಾರ್ಯಕ್ಕೆ ಕೈ ಹಾಕಿದ. ಮಳೆ ತಡೆಯುವ ಮುಚ್ಚಳದ ಒಳ್ಳೆಯ ಪ್ಲಗ್ಗು. ಜೊತೆಗೆ ಬಂದ ಸೂಚನಾಪತ್ರವನ್ನು ಅರ್ಧ ಓದಿ ಮಡಚಿಟ್ಟ. ಪೂರ್ತಿ ಓದುವುದು ಕೆಲಸ ಗೊತ್ತಿಲ್ಲದವರ ಲಕ್ಷಣ. ಡ್ರಿಲ್ಲು ಗುರ್ರೆಂದಾಗ ನಾಲ್ಕು ಬೀದಿಯ ನಾಯಿಗಳು ಊರು ಬಿಟ್ಟವು. ಕುಂಬಳಕಾಯಿ ಗಾತ್ರವಲ್ಲದಿದ್ದರೂ ಕಿತ್ತಳೆ ಗಾತ್ರದ ದುಂಡನೆಯ ತೂತು ಬಿತ್ತು; ಬ್ರಹ್ಮ ಕೂಡ ಚಂದ್ರನನ್ನು ಅಷ್ಟು ದುಂಡಗೆ ಕೊರೆದಿರಲಾರ. ಕೈ ಒರೆಸಿಕೊಂಡು ಡೆಸ್ಮಂಡ್ ಗಾಡಿಯನ್ನು ಸುತ್ತಿ ಬಾಗಿಲ ಬಳಿ ಬಂದ. ಬಂದವನು ಯಾಕೋ ತುಂಬ ಹೊತ್ತು ಅಲ್ಲೇ ನಿಂತಿದ್ದ.

ಸಂಜೆ ಹಿಂದಿರುಗಿದ ಗ್ಲೆನಿಸಳಿಗೆ, "ಆಯ್ತು," ಎಂದಷ್ಟೇ ಹೇಳಿದ.

ಮರುದಿನ ಫೈಲಿಯ ಹುಲ್ಲು ಬಯಲಿನಲ್ಲಿ ಬಳಗದ ಗಾಡಿಗಳು ಸಾಲಾಗಿ ನಿಂತವು. ಡೆಸ್ಮಂಡನ ಎಡಕ್ಕೆ ರೋಲಂಡ್ ಟ್ವೈಫೋರ್ಡನ ಹೊಚ್ಚಹೊಸ ಗಾಡಿ. ಡೆಸ್ಮಂಡ್ ಏನು ಕೊಂಡರೂ ಅದಕ್ಕಿಂತ ಒಂದು ಗೇಣು ಉದ್ದದ್ದನ್ನು ಕೊಳ್ಳುವುದೇ ರೋಲಂಡನ ಜೀವಿತದ ಗುರಿ. ಬಳಗದ ಕಾರ್ಯದರ್ಶಿ ಮಿಸೆಸ್ ಪಿಕರ್ಸ್‌ಗಿಲ್ ಸೀಟಿ ಕಟ್ಟಿಕೊಂಡೇ ಓಡಾಡುವ ಹೆಂಗಸು. ಅವಳ ಸಮ್ಮತಿಯಿಲ್ಲದೆ ಆ ಬಯಲಲ್ಲಿ ಗಾಳಿಯೂ ಬೀಸುತ್ತಿರಲಿಲ್ಲ.

ಡೆಸ್ಮಂಡ್ ಹಿಡಿ ತಿರುಗಿಸಿದ. ಚಪ್ಪರ ಬಲಕ್ಕೆ ಚಾಚಿತು. ಬಾಗಿಲೂ ಬಲಕ್ಕೆ. ಗ್ಲೆನಿಸ್ ಬಯಲಿಗೆಲ್ಲ ಹೇಳಿಟ್ಟಿದ್ದ ಪ್ಲಗ್ಗು ಮಾತ್ರ ಎಲ್ಲೂ ಕಾಣಲಿಲ್ಲ.

"ಎಲ್ಲಯ್ಯಾ ನಿನ್ನ ಪ್ಲಗ್ಗು?" ಎಂದ ರೋಲಂಡ್.

"ಆ ಕಡೆ."

"ಯಾವ ಕಡೆ?"

"ಬೆನ್ನಿನ ಕಡೆ."

ಎಲ್ಲರೂ ಗಾಡಿಯನ್ನು ಪ್ರದಕ್ಷಿಣೆ ಹಾಕಿ ಬಂದರು. ಹೌದು, ಚಪ್ಪರಕ್ಕೆ ತೀರ ಬೆನ್ನು ಹಾಕಿ, ರೋಲಂಡನ ಹುಲ್ಲಿನ ಕಡೆಗೆ ಮುಖ ಮಾಡಿ ಪ್ಲಗ್ಗು ಕೂತಿತ್ತು. ಗ್ಲೆನಿಸ್ ಹುಬ್ಬೇರಿಸಿದಳು.

"ಚಪ್ಪರ ಅಲ್ಲಿ, ಪ್ಲಗ್ಗು ಇಲ್ಲಿ. ಏನಿದು ಡೆಸ್?"

ಟಿಕೆಟ್ ಇಲ್ಲದ ಪ್ರಯಾಣಿಕರು ಹೇಳಿದ ಸಾವಿರ ನೆಪಗಳನ್ನು ಕೇಳಿದ್ದ ಡೆಸ್ಮಂಡ್, ಅವುಗಳಲ್ಲಿ ಅತ್ಯುತ್ತಮವಾದದ್ದಕ್ಕಿಂತ ಉತ್ತಮವಾದದ್ದೊಂದನ್ನು ಹೊರತೆಗೆದ.

"ಕೆಟಲಿನ ಹಬೆ ಚಪ್ಪರದ ಬಟ್ಟೆಗೆ ವಿಷ. ಯುರೋಪಲ್ಲಿ ಈಗ ಎಲ್ಲಾರೂ ಬೆನ್ನಿಗೇ ಹಾಕೋದು. ನಿಮಗೆಲ್ಲ ಗೊತ್ತೇ ಇದೆ."

ಗೊತ್ತೇ ಇದೆ ಎಂದ ಮೇಲೆ ಗೊತ್ತಿಲ್ಲವೆನ್ನಲು ಆ ಬಯಲಿನಲ್ಲಿ ಯಾರಿಗೂ ಧೈರ್ಯವಿರಲಿಲ್ಲ. "ಹೌದೌದು, ಹಬೆ," ಎಂದರು ಒಬ್ಬರು. "ನಾನೂ ಕೇಳಿದೀನಿ," ಎಂದರು ಮತ್ತೊಬ್ಬರು. ಪಿಕರ್ಸ್‌ಗಿಲ್ ಗಂಭೀರವಾಗಿ ತಲೆಯಾಡಿಸಿದಳು. ಡೆಸ್ಮಂಡ್ ಒಳಗೆ ಹೋಗಿ, ತುಸು ತಡವಾಗಿಯೇ ನೀರು ತುಂಬಿದ ಕೆಟಲು ತಂದ, ಪ್ಲಗ್ಗಿಗೆ ಚುಚ್ಚಿದ. ಚುಚ್ಚಿದ್ದೇ ತಡ, ಮೂತಿಯಿಂದ ಹಬೆ! ಅಷ್ಟು ಬೇಗ ಕುದಿಯುವ ಕೆಟಲನ್ನು ಇಂಗ್ಲೆಂಡಿನಲ್ಲಿ ಯಾರೂ ಕಂಡಿರಲಿಲ್ಲ. ಚಪ್ಪಾಳೆ ಬಿತ್ತು. ಕಡಲು ಕುದಿದದ್ದು, ಮೀನು ಬೆಂದದ್ದು ಎಲ್ಲವೂ ಆ ಚಪ್ಪಾಳೆಯ ನಂತರ ಡೆಸ್ಮಂಡನ ಬಾಯಲ್ಲಿ ಒಂದೊಂದೇ ಕಪ್ ಚಹಾದೊಂದಿಗೆ ಬೆಳೆಯಿತು.

ಚಪ್ಪರದ ನೆರಳು ಆ ಕಡೆ ಖಾಲಿ ಬಿದ್ದಿತ್ತು. ಇಡೀ ಬಳಗ ಕುರ್ಚಿಗಳನ್ನು ಹೊತ್ತು ತಂದು ಈ ಕಡೆ ಬಿಸಿಲಲ್ಲಿ, ರೋಲಂಡನ ಜಾಗದಲ್ಲಿ ಕೂತಿತು. ಪರರ ಹುಲ್ಲಿನ ಮೇಲೆ ಕಾಲಿಡುವುದು ಅಲ್ಲಿ ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗಿನ ಅಪರಾಧ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಕೊಲೆಗಿಂತ ಮೇಲಿನದು. ಹಾಗಾಗಿ ರೋಲಂಡ್ ಹಲ್ಲು ಕಚ್ಚಿ, "ಎಷ್ಟು ಚೆನ್ನಾಗಿದೆ, ಎಲ್ಲಾರೂ ಹತ್ತಿರ ಹತ್ತಿರ," ಎಂದು ನಗುತ್ತಿದ್ದ.

ನಗುತ್ತಲೇ ಅವನು ಒಳಗೆ ಹೋಗಿ ಡ್ರಿಲ್ಲು ತಂದ.

"ಡೆಸ್, ನನಗೂ ಒಂದು ಕೊರೆದುಕೊಡು. ಬೆನ್ನಿಗೆ."

"ನಿಂದಕ್ಕೆ ಬಾಗಿಲ ಪಕ್ಕದಲ್ಲೇ ಪ್ಲಗ್ಗಿದೆಯಲ್ಲಯ್ಯಾ! ಕಾರ್ಖಾನೆಯವರೇ ಹಾಕಿದ್ದು."

"ಅದು ಹಳೇ ಪದ್ಧತಿ. ನಿನ್ನ ಗಾಡೀಲಿ ಇರೋದು ನನ್ನ ಗಾಡೀಲಿ ಇಲ್ಲ ಅಂದ್ರೆ ಹೇಗೆ?"

"ಆಮೇಲೆ ನಮ್ಮದಕ್ಕೂ," ಎಂದು ಪಿಕರ್ಸ್‌ಗಿಲ್ ಸೀಟಿ ಊದಿದಳು. "ಸಾಲಾಗಿ ನಿಂತ್ಕೊಳ್ಳಿ. ನೂಕಾಟ ಬೇಡ. ಸಂಜೆಗೆ ಹೆಪ್‌ವರ್ತ್ ಅವರ ಉಪನ್ಯಾಸ."

ರೋಲಂಡ್ ತನ್ನ ಗಾಡಿಯ ಮುತ್ತಿನಂಥ ಬಿಳಿ ಮೈಮೇಲೆ ಪೆನ್ಸಿಲಿನಿಂದ ದುಂಡಗೆ ಗೆರೆ ಎಳೆದ. ಡ್ರಿಲ್ಲು ಡೆಸ್ಮಂಡನ ಕೈಗೆ ಬಂತು. ಕೊರೆದರೆ ಮಾನ ಉಳಿಯಿತು, ಗಾಡಿಯೂ ಉಳಿಯಿತು. ರೋಲಂಡನ ಗಾಡಿಗೊಂದು ತೂತು ಬಿದ್ದರೆ ಯಾರ ಗಂಟು ಹೋಗಬೇಕು? ಅವನೇ ಕೇಳಿದ್ದಲ್ಲವೇ? ಡ್ರಿಲ್ಲಿನ ಮೊನೆ ಗೆರೆಯನ್ನು ಮುಟ್ಟಿತು.

"ಡೆಸ್," ಎಂದಳು ಗ್ಲೆನಿಸ್. ಅವಳು ಚಹಾ ಕಪ್ಪನ್ನು ಕೆಳಗಿಟ್ಟಿದ್ದಳು. "ನಾನು ಈಗ ಒಳಗೆ ಹೋಗಿದ್ದೆ. ಒಲೆ ಮೇಲಿನ ಪಾತ್ರೆ ಯಾಕೆ ಬಿಸಿಯಾಗಿದೆ?"

"ಯಾವ ಪಾತ್ರೆ?"

"ನೀರು ಕಾಯಿಸೋ ಪಾತ್ರೆ."

"ಅದು... ಮೊಟ್ಟೆ ಬೇಯಿಸೋಣ ಅಂತ."

"ಮೊಟ್ಟೆ ತಂದೇ ಇಲ್ಲ. ನೋಡು, ಆ ಪಾಪದವನ ಗಾಡಿಗೆ ತೂತು ಹಾಕಿದ್ಯೋ, ವೈರು ಇರ್ಲಿ ಬಿಡ್ಲಿ, ಇವತ್ತೇ ನಮ್ಮ ಗಾಡಿ ಮಾರಾಟಕ್ಕೆ. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಮಾರಲ್ಲ. ಆಣೆ."

ಇಷ್ಟು ಹೊತ್ತು ಟಿವಿಗಳಡಿ ಹೂತುಹೋಗಿದ್ದ ಹಕ್ಕಿಯೊಂದು ಕೂಗಿದ್ದು ಎಲ್ಲರಿಗೂ ಕೇಳಿಸಿತು. ಡೆಸ್ಮಂಡ್ ಡ್ರಿಲ್ಲನ್ನು ಹುಲ್ಲಿನ ಮೇಲಿಟ್ಟ. ಬಸ್ಸಿನಲ್ಲಿ ಸಿಕ್ಕಿಬಿದ್ದವರು ಜೇಬು ತಡಕುವಂತೆ ಅವನ ಕೈ ಸುಮ್ಮನೆ ಜೇಬು ತಡಕಿತು.

"ಯುರೋಪು ಪಿರೋಪು ಏನಿಲ್ಲ," ಎಂದ. "ತಪ್ಪು ಕಡೆ ಕೊರೆದೆ. ಆಯುಷ್ಯವೆಲ್ಲ ನಮ್ಮೂರ ಬಸ್ಸು ಹತ್ತಿ ಇಳಿದವನು ನಾನು. ಬಾಗಿಲು ಅಂದ್ರೆ ಎಡಗಡೆ ಅಂತ ಮೈಗೇ ಹತ್ತಿಬಿಟ್ಟಿದೆ. ಪ್ಲಗ್ಗಿನ ಜೊತೆ ಬಂದ ಕಾಗದದಲ್ಲೂ ಎಡಕ್ಕೆ ಅಂತಿತ್ತು. ಈ ಜರ್ಮನ್ನರು ರಸ್ತೆಯ ಬಲಕ್ಕೆ ಗಾಡಿ ಓಡಿಸ್ತಾರೆ, ಬಾಗಿಲೂ ಬಲಕ್ಕೇ ಇಟ್ಟಿದ್ದಾರೆ ಅನ್ನೋದು ತೂತು ಬಿದ್ದ ಮೇಲೆ ನೆನಪಾಯ್ತು."

"ಮತ್ತೆ ಆ ಕೆಟಲು?" ಎಂದ ರೋಲಂಡ್. "ಕಣ್ಣಾರೆ ನೋಡಿದ್ವಲ್ಲ, ಚುಚ್ಚಿದ ತಕ್ಷಣ ಹಬೆ ಬಂತು!"

ಡೆಸ್ಮಂಡ್ ಹೆಂಡತಿಯ ಕಡೆ ನೋಡಿದ. ಅವಳು ಕಣ್ಣು ಮಿಟುಕಿಸಲಿಲ್ಲ.

"ನೀರು ಗ್ಯಾಸಿನ ಮೇಲೆ ಕಾಯಿಸಿ ಕೆಟಲಿಗೆ ಸುರಿದು ತಂದೆ. ಆ ಪ್ಲಗ್ಗಿನ ಹಿಂದೆ ವೈರೇ ಇಲ್ಲ ಕಣಯ್ಯಾ. ಮಳೆನೀರು ಒಳಗೆ ಬರಬಾರದು ಅಂತ ತೂತಿಗೆ ಹಾಕಿದ ಮುಚ್ಚಳ ಅದು, ಅಷ್ಟೇ."