ಸರದಿಯಲ್ಲದ ದಿನದ ನೀರು

ಪುಟ್ಟರಾಜು ಬೀದಿಯ ನಲ್ಲಿಯನ್ನು ಮತ್ತೊಮ್ಮೆ ತಿರುಗಿಸಿ, ಬಗ್ಗಿ ಅದರ ಬಾಯಿಗೆ ಕಿವಿಗೊಟ್ಟ. ಒಳಗೆ ಗಾಳಿಯ ಸುಳಿವೂ ಇರಲಿಲ್ಲ. ಬೆನ್ನ ಹಿಂದಿನ ಜಗಲಿಯ ಮೇಲೆ ಹೆಂಡತಿ ಹೊಂಬಾಳಮ್ಮನ ದೇಹ ಕೊನೆಯ ಸ್ನಾನಕ್ಕಾಗಿ ಕಾದಿತ್ತು. ಮಳವಳ್ಳಿಯಿಂದ ತವರಿನವರು ಸೀರೆ ತಂದಾಗಿತ್ತು. ಕೊಪ್ಪದ ನಾದಿನಿ ಅತ್ತು ಸುಸ್ತಾಗಿ ಕಂಬಕ್ಕೊರಗಿದ್ದಳು.

ಮಗ ಶಿವರಾಜು ಹತ್ತಿರ ಬಂದು ದನಿ ತಗ್ಗಿಸಿದ. “ಸಂಪಿನ ತುಂಬ ನೀರೈತೆ ಅಪ್ಪಾಜಿ. ಒತ್ತು ಮುಳುಗಕ್ಕೆ ಮುಂಚೆ ಮಣ್ಣು ಮಾಡ್ಬೇಕು. ಇನ್ಯಾಕೆ ಕಾಯೋದು?”

“ಸಂಪಿಂದು ಬ್ಯಾಡ ಕಣ್ಲಾ. ನಿಮ್ಮವ್ವಂಗೆ ಬೀದಿ ನಲ್ಲಿ ನೀರೇ ಆಗ್ಬೇಕು.”

“ಇವತ್ತು ನಮ್ಮ ಬೀದಿ ಸರದಿ ಅಲ್ವಲ್ಲ.”

ಪುಟ್ಟರಾಜು ಮತ್ತೆ ನಲ್ಲಿಯತ್ತ ತಿರುಗಿದ. ಪಟ್ಟಣ ಪಂಚಾಯಿತಿಗೆ ಒಂದು ಮಾತು ತಿಳಿಸಿದರೆ ನೀರು ಬಂದೀತು. ಆದರೆ ಆ ಒಂದು ಮಾತನ್ನು ಅವನು ಮುಂಜಾನೆಯಿಂದ ಆಡಿರಲಿಲ್ಲ.

*

ಹಲವು ವರ್ಷಗಳ ಹಿಂದೆ, ಮದ್ದೂರಿನ ಆಚೆಯ ಅವರ ಊರು ಪಟ್ಟಣ ಪಂಚಾಯಿತಿಯಾದ ಹೊಸದರಲ್ಲಿ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಯಿತು. ಗೆದ್ದವಳು ಹೊಂಬಾಳಮ್ಮ; ಊರು ‘ಅಧ್ಯಕ್ಷರೇ’ ಎಂದು ಕೈಮುಗಿದದ್ದು ಪುಟ್ಟರಾಜುವಿಗೆ. ಸಭೆಯಲ್ಲಿ ಅವಳ ಪಕ್ಕಕ್ಕೇ ಅವನಿಗೂ ಒಂದು ಕುರ್ಚಿ ಬೀಳುತ್ತಿತ್ತು. ಅವನು ಬೆರಳಿಟ್ಟಲ್ಲಿ ಅವಳು ರುಜು ಹಾಕುತ್ತಿದ್ದಳು.

ಆ ಬೇಸಿಗೆಯಲ್ಲಿ ಎದುರುಮನೆಯ ಸಣ್ಣತಾಯಮ್ಮನ ಅತ್ತೆ ತೀರಿಕೊಂಡಳು. ಅಂದು ಬೀದಿಗೆ ನೀರಿನ ಸರದಿಯಿರಲಿಲ್ಲ. ಹೆಣವನ್ನು ಜಗಲಿಯಲ್ಲಿ ಬಿಟ್ಟು ಸೊಸೆ ಮನೆಮನೆಯ ಬಾಗಿಲಲ್ಲಿ ನಿಂತು ಅರ್ಧ ಕೊಡ, ಕಾಲು ಕೊಡ ಬೇಡಿ ತಂದದ್ದನ್ನು ಹೊಂಬಾಳಮ್ಮ ಕಂಡಳು. ಮುಂದಿನ ಸಭೆಯಲ್ಲಿ ಮೊದಲ ಬಾರಿಗೆ ಅವಳ ದನಿ ಕೇಳಿಸಿತು.

“ಸಾವು ಸರದಿ ನೋಡ್ಕೊಂಡ್ ಬರಲ್ಲ. ಸಾವಾದ್ ಬೀದಿಗೆ ಅವತ್ತೇ ನೀರ್ ಬುಡ್ಬೇಕು. ಬರ್ಕೊಳ್ಳಿ.”

ಪುಟ್ಟರಾಜು ಅವಳತ್ತ ಬಾಗಿ ಪಿಸುಗುಟ್ಟಿದ. “ಸುಮ್ನಿರು. ಆಮೇಕೆ ನೀರ್ಗೋಸ್ಕರ ದಿನಕ್ಕೊಬ್ರು ಸಾಯ್ತಾರೆ.”

“ನೀವು ಸುಮ್ಕಿರಿ,” ಎಂದಳು, ಸಭೆಗೆಲ್ಲ ಕೇಳುವಂತೆ. “ಕುರ್ಚಿ ನಂದು.”

ಕಟ್ಟಳೆ ಜಾರಿಯಾಯಿತು. ಅಂದಿನಿಂದ ಅವನು ಸಭೆಯತ್ತ ಸುಳಿಯಲಿಲ್ಲ. ಅವನ ಮಾತು ಸುಳ್ಳೂ ಆಗಲಿಲ್ಲ. ಹೋಟೆಲಿನ ಕಸ್ತೂರಿರಂಗ ಮಗಳ ನಿಶ್ಚಿತಾರ್ಥಕ್ಕೆ ನೀರು ಸಾಲದೆ, ಸೋದರತ್ತೆ ತೀರಿಹೋದಳೆಂದು ಪಂಚಾಯಿತಿಗೆ ಹೇಳಿ ಕಳುಹಿಸಿದ. ಸೆರಗು ಬಾಯಿಗೊತ್ತಿಕೊಂಡು ಬಂದ ಹೆಂಗಸರಿಗೆ ಆ ಅತ್ತೆಯೇ ಕಾಫಿ ತಂದುಕೊಟ್ಟಳು. ಪುಟ್ಟರಾಜು ಇದನ್ನು ಗೆಲುವಿನಿಂದ ಹೇಳಿದರೆ, ಹೊಂಬಾಳಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಟ್ಟಳೆಯನ್ನು ಮಾತ್ರ ಬದಲಿಸಲಿಲ್ಲ.

ಕ್ರಮೇಣ ಅದು ಊರಿನ ಆಚಾರವಾಯಿತು. ಸರದಿಯಲ್ಲದ ದಿನ ನಲ್ಲಿ ಸೀಟಿ ಹಾಕಿದರೆ ಹೆಂಗಸರು ‘ಯಾರ ಮನೇಲಿ?’ ಎಂದು ಬಾಗಿಲಿಗೆ ಬರುವರು. ಸಾವಿನ ಮನೆಯವರು ತುಂಬಿಕೊಳ್ಳುವ ತನಕ ಇನ್ನೊಂದು ಕೊಡ ನಲ್ಲಿಯ ಕೆಳಗೆ ಹೋಗದು. ಆಮೇಲೆ ಮನೆಮನೆಗೂ ಸಂಪುಗಳು ಬಂದವು. ಕೇಳುವವರಿಲ್ಲದೆ ಆ ನೀರೂ ನಿಂತುಹೋಯಿತು.

*

ಸಣ್ಣತಾಯಮ್ಮ ಕೋಲೂರಿಕೊಂಡು ಬೀದಿ ದಾಟಿ ಬಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

“ಏನ್ ಪುಟ್ರಾಜಣ್ಣ, ನಲ್ಲಿ ಕಿವೀಲಿ ಗುಟ್ಟೇಳ್ತಿದ್ದೀಯ? ನೀರು ಬುಡೋನ್ಗೆ ಏಳ್ಬಾರ್ದಾ?”

“ನಾನೆಂಗ್ ಕೇಳ್ಲಿ ತಾಯಮ್ಮ? ಅವತ್ತು ಬ್ಯಾಡ ಅಂದೋನೇ ನಾನು.”

“ನೀನ್ ಬ್ಯಾಡ ಅಂದಿದ್ನ ಅವತ್ತೂ ಯಾರೂ ಕೇಳ್ಲಿಲ್ಲ ಕಣಣ್ಣ. ಫೋನ್ ಮಾಡು.”

ಅವನು ಫೋನ್ ಮಾಡಿದ. ನೀರು ಬಿಡುವ ಶಶಿಧರ ಈ ಊರಿಗೆ ಹೊಸಬ.

“ಅಧ್ಯಕ್ಷರು ತೀರ್ಕೊಂಡವ್ರೆ ಕಣಪ್ಪ. ನಮ್ಮ ಬೀದಿಗೆ ನೀರ್ ಬುಡು,” ಎಂದ ಪುಟ್ಟರಾಜು.

ಯಾವ ಅಧ್ಯಕ್ಷರೆಂದು ಆ ಕಡೆಯಿಂದ ಪ್ರಶ್ನೆ ಬಂದಿತು.

ಪುಟ್ಟರಾಜು ಜಗಲಿಯತ್ತ ನೋಡಿದ. “ಹೊಂಬಾಳಮ್ಮೋರು.”

ಅಂಥ ಕಟ್ಟಳೆಯೊಂದು ಇರುವುದು ತನಗೆ ತಿಳಿಯದು, ಹಿರಿಯರನ್ನು ಕೇಳಿ ನೋಡುವೆನೆಂದು ಶಶಿಧರ ಫೋನಿಟ್ಟ. ಬಿಸಿಲು ಜಗಲಿಯ ಮೆಟ್ಟಿಲಿಗೆ ಇಳಿಯಿತು. ಶಿವರಾಜು ಸಂಪಿನ ಮುಚ್ಚಳದ ಬಳಿ ನಿಂತು ತಂದೆಯ ಮುಖ ನೋಡಿದ. ಮುಚ್ಚಳ ತೆಗೆಯಲು ಅವನಿಗೂ ಮನಸ್ಸಾಗಲಿಲ್ಲ.

ಆಗ ನಲ್ಲಿ ಕೆಮ್ಮಿತು. ಉದ್ದಕ್ಕೂ ಸೀಟಿ ಹಾಕಿತು.

ಸಂಪುಗಳಿದ್ದ ಮನೆಗಳಿಂದಲೇ ಹೆಂಗಸರು ಹಳೆಯ ಅಭ್ಯಾಸಬಲದಿಂದ ಕೊಡ ಹಿಡಿದು ಬಂದರು. ಸಾವಿನ ಮನೆಯ ಕೊಡವೇ ಮೊದಲೆಂಬುದು ನೆನಪಾಗಿ, ಕೊಡಗಳನ್ನು ಸಾಲಾಗಿ ನೆಲಕ್ಕಿಟ್ಟು ಕಾದು ನಿಂತರು. ಪುಟ್ಟರಾಜು ಒಳಗಿನಿಂದ ಹಿತ್ತಾಳೆಯ ಕೊಡ ತಂದು, ಪದ್ಧತಿ ಅರಿಯದವನಂತೆ ಆ ಸಾಲಿನ ತುದಿಗೆ ಹೋಗಿ ನಿಂತ. ಸಣ್ಣತಾಯಮ್ಮ ಒಂದೊಂದೇ ಕೊಡವನ್ನು ಪಕ್ಕಕ್ಕೆ ಸರಿಸುತ್ತ ಅವನಿಗೆ ನಲ್ಲಿಯವರೆಗೆ ದಾರಿ ಮಾಡಿದಳು.

ಕೊಡ ತುಂಬಿತು. ಶಿವರಾಜು ಕೈನೀಡಿದರೂ ಪುಟ್ಟರಾಜು ಕೊಡಲಿಲ್ಲ. ಜನ್ಮದಲ್ಲಿ ನೀರು ಹೊತ್ತವನಲ್ಲ. ಸೊಂಟಕ್ಕೋ ಹೆಗಲಿಗೋ ಎಂದು ತೋಚದೆ ಎರಡೂ ಕೈಗಳಿಂದ ಎದೆಗೆ ಅವಚಿಕೊಂಡ. ಹೆಜ್ಜೆಹೆಜ್ಜೆಗೂ ನೀರು ತುಳುಕಿ ಬಿಳಿಯ ಅಂಗಿಯನ್ನು ತೋಯಿಸುತ್ತಿರಲು, ಮಲಗಿದ ಮಗುವನ್ನು ಒಯ್ಯುವವನಂತೆ ಮೆಲ್ಲಮೆಲ್ಲನೆ ಜಗಲಿಯತ್ತ ನಡೆದ.